ವನಜಕ್ಕನ ಕಷಾಯದ ಲೋಟ

ವನಜಕ್ಕ ಕೊಟ್ಟ ಕಷಾಯವನ್ನು ಕುಡಿದರಷ್ಟೇ ಸಾಲದು, ಖಾಲಿ ಲೋಟವನ್ನು ಅವರ ಕಣ್ಣೆದುರೇ ಬೋರಲು ಹಿಡಿದು ತೋರಿಸಬೇಕಿತ್ತು. ಒಂದು ತೊಟ್ಟು ಕೆಳಗೆ ಬಿದ್ದರೂ ಇನ್ನರ್ಧ ಲೋಟ ಬಗ್ಗಿಸುತ್ತಿದ್ದರು. ನೆಗಡಿಗೂ ಅದೇ, ಹೊಟ್ಟೆನೋವಿಗೂ ಅದೇ. ಕಾಲು ಉಳುಕಿದರೆ ಹುಣಸೆಹಣ್ಣು, ಉಪ್ಪು ಕುದಿಸಿ ಬಿಸಿಬಿಸಿ ಪಟ್ಟು ಹಾಕುವರು. ಆದರೆ ಅದಕ್ಕೂ ಮೊದಲು ಕಷಾಯ. ಕಾಲಿಗೂ ಕಷಾಯಕ್ಕೂ ಏನು ಸಂಬಂಧ ಎಂದು ಒಮ್ಮೆ ಕೇಳಿದ್ದೆ. "ಕಾಲು ನಿನ್ನ ಮೈಗೇ ಅಂಟ್ಕೊಂಡಿದೆಯಲ್ಲ ಮಾರಾಯ್ತಿ, ಕುಡಿ" ಎಂದರು. ಕುಡಿದೆ.

ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಗಂಡ ಭದ್ರಾವತಿಯ ಕಾರ್ಖಾನೆಯೊಂದರಿಂದ ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ಅಲ್ಲಿನ ಕ್ವಾರ್ಟರ್ಸಿನ ತಮಿಳು, ತೆಲುಗು ನೆರೆಯವರಿಂದ ಕಲಿತ ಮದ್ದುಗಳೂ ಮನೆ ಸಾಮಾನಿನ ಜೊತೆಗೇ ಬಂದವು. ಜೇನು ಕಚ್ಚಿದರೆ ಸುಣ್ಣ, ಕುರುವಿಗೆ ಸುಣ್ಣ-ಬೆಲ್ಲ, ಕೈ ಕೊಯ್ದುಕೊಂಡರೆ ಅರಿಶಿನ. ಎಲ್ಲಕ್ಕಿಂತ ಮೊದಲು ಬೈಗುಳ. ಬೈಸಿಕೊಂಡೇ ಅರ್ಧ ಜ್ವರ ಇಳಿಯುತ್ತಿತ್ತು, ಉಳಿದರ್ಧ ಕಷಾಯದ ಹೆದರಿಕೆಗೆ.

ಹೀಗಾಗಿ ಡಾಕ್ಟರ ಹತ್ತಿರ ಹೋಗುವುದೆಂದರೆ ನಮ್ಮ ಬೀದಿಯಲ್ಲಿ ಕಳ್ಳತನದ ಕೆಲಸ. ಎಲ್ಲರೂ ಹಿಂದಿನ ರಸ್ತೆ ಹಿಡಿಯುತ್ತಿದ್ದರು. ಅಮ್ಮ ಒಮ್ಮೆ ಕೆಮ್ಮಿನ ಮಾತ್ರೆ ಡಬ್ಬಿಯನ್ನು ಬಸಳೆ ಸೊಪ್ಪಿನ ಕೆಳಗೆ ಅಡಗಿಸಿ ತಂದರು. ವನಜಕ್ಕ ಗೇಟಿನಲ್ಲೇ ನಿಂತಿದ್ದರು. "ಬಸಳೆ ಯಾವಾಗಿಂದ ಗಲಗಲ ಅನ್ನುತ್ತೆ?" ಎಂದು ಕೇಳಿದರು. ಅಮ್ಮನ ಮುಖ ಸಣ್ಣದಾಯಿತು. "ತಗೋ, ಅದನ್ನೂ ತಗೋ. ಮೊದ್ಲು ನಂದು" ಎಂದು ಒಳಗೆ ಕರೆದುಕೊಂಡು ಹೋದರು.

ಒಂದು ಭಾನುವಾರ ಬೆಳಿಗ್ಗೆ ಅಪ್ಪನಿಗೆ ಎದೆ ಹಿಡಿದಂತಾಯಿತು. ಅಮ್ಮ ಕಾಂಪೌಂಡಿನ ಮೇಲಿಂದಲೇ ಕೂಗಿ ಹೇಳಿದರು: "ಗ್ಯಾಸು, ವನಜಕ್ಕ. ನಿನ್ನೆ ಬೇಡ ಬೇಡ ಅಂದ್ರೂ ಹಲಸಿನ ಹಣ್ಣು ತಿಂದ್ರು." ವನಜಕ್ಕ ಬೈಯುವುದಕ್ಕೆ ಸಿದ್ಧರಾಗಿಯೇ ಲೋಟ ಹಿಡಿದು ಬಂದರು. ಅಪ್ಪನ ಬೆವರಿದ ಮುಖ ನೋಡಿದರು, ಎಡಗೈ ತಿಕ್ಕಿಕೊಳ್ಳುತ್ತಿದ್ದುದನ್ನು ನೋಡಿದರು. ಬೈಯಲಿಲ್ಲ. ನಮಗೆ ನಿಜವಾಗಿ ಭಯವಾದದ್ದು ಆಗಲೇ. ಅವರು ಸೀದಾ ಹೊರಗೆ ಹೋಗಿ ಕಷಾಯವನ್ನು ದಾಸವಾಳದ ಬುಡಕ್ಕೆ ಸುರಿದು, "ಇದು ನನ್ನ ಕೈಲಿ ಆಗೋದಲ್ಲ. ಆಟೋ ಕರಿ, ಈಗ್ಲೇ" ಎಂದು ನನಗೆ ಹೇಳಿದರು.

ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದ್ದರಿಂದ ಅಪ್ಪ ಉಳಿದರು. "ಊರಿಗೆಲ್ಲ ಕಷಾಯ ಕೊಟ್ಟು ವಾಸಿ ಮಾಡಿದ್ರು, ನನಗೊಬ್ಬನಿಗೆ ಕೊಡದೇ ವಾಸಿ ಮಾಡಿದ್ರು" ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ವನಜಕ್ಕನಿಗೆ ಈ ಹೊಗಳಿಕೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಆ ವರ್ಷ ದಾಸವಾಳ ಎಷ್ಟು ಚೆನ್ನಾಗಿ ಹೂಬಿಟ್ಟಿತು ನೋಡಿ ಎಂದು ಮಾತು ತಿರುಗಿಸಿ, ಶ್ರೇಯಸ್ಸನ್ನು ಕಷಾಯಕ್ಕೇ ಕೊಡುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವರು ಭದ್ರಾವತಿಗೆ, ಮಗಳ ಮನೆಗೆ ಹೋದರು. ಕಳೆದ ವರ್ಷ ಆ ಮಗಳು ಫೋನ್ ಮಾಡಿದಳು. "ಅಮ್ಮಂಗೆ ಜ್ವರ ಬಿಡ್ತಿಲ್ಲ, ಉಸಿರು ಕಟ್ಟುತ್ತೆ. ಆಸ್ಪತ್ರೆ ಅಂದ್ರೆ ಹೊಡೆಯೋಕೇ ಬರ್ತಾರೆ. ನೀವಾದ್ರೂ ಬಂದು ಹೇಳಿ" ಎಂದಳು. ಅಪ್ಪ, ನಾನು ಹೋದೆವು. ವನಜಕ್ಕ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರು. ಮೈ ಅರ್ಧಕ್ಕರ್ಧ ಇಳಿದಿತ್ತು, ಜೋರು ಮಾತ್ರ ಹಾಗೇ ಇತ್ತು. "ಬರೀ ನೆಗಡಿ. ಕಷಾಯ ಮಾಡ್ಕೊಂಡು ಬಾ" ಎಂದು ನನಗೇ ಆಜ್ಞೆ ಮಾಡಿದರು.

ಹೆದರುತ್ತಲೇ ಮಾಡಿ ತಂದೆ. ಅವರು ಕೈ ಚಾಚಿದರು. ಅಪ್ಪ ನಡುವೆ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಬಾಗಿಲಾಚೆಯ ಹೂಕುಂಡಕ್ಕೆ ಕಷಾಯವನ್ನು ಸುರಿದರು. ಆಮೇಲೆ ಒಳಗೆ ಬಂದು ಲೋಟವನ್ನು ವನಜಕ್ಕನೆದುರು ಬೋರಲು ಹಿಡಿದು ತೋರಿಸಿದರು.

ವನಜಕ್ಕ ಲೋಟವನ್ನೇ ನೋಡುತ್ತ ಕುಳಿತರು.

"ಅಷ್ಟಾಗಿದೆಯಾ ರಾಯ್ರೇ?"

"ಅಷ್ಟಾಗಿದೆ ವನಜಮ್ಮ. ಆಟೋ ಹೊರಗೇ ನಿಂತಿದೆ."

ವನಜಕ್ಕ ಸೆರಗು ಸರಿಮಾಡಿಕೊಂಡು ಎದ್ದರು. ಅವರು ಜಗಳವಾಡಿದ್ದರೆ ಚೆನ್ನಾಗಿತ್ತು. ಹಾಗೆ ಸುಮ್ಮನೆ ಎದ್ದದ್ದು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಕುಳಿತು ಹೇಳಿದರು: "ಮೆಣಸು ಜಾಸ್ತಿ ಹಾಕಿದ್ದೀಯ. ವಾಸನೇಲೇ ಗೊತ್ತಾಯ್ತು."

ಆಸ್ಪತ್ರೆಯಿಂದ ಅವರು ಮನೆಗೆ ಬರಲಿಲ್ಲ. ನನಗೆ ಅವರು ಹೇಳಿದ ಕೊನೆಯ ಮಾತು ಅದು. ಮೆಣಸು ಜಾಸ್ತಿಯಾಗಿದ್ದು ನಿಜ.