ಕ್ರಷರ್ ನಿಂತ ಗಳಿಗೆ

ಪವಾಯಿಯ ಆ ಕಲ್ಲುಕ್ವಾರಿಯಲ್ಲಿ ಬಾಯಿಂದ ಮಾತಾಡುವವರೇ ಇರಲಿಲ್ಲ. ಬೆಳಗಿನಿಂದ ಸಂಜೆತನಕ ಕ್ರಷರ್ ಕಲ್ಲು ಕಡಿಯುತ್ತಿದ್ದರೆ ಯಾರ ಮಾತು ಯಾರಿಗೆ ಕೇಳಬೇಕು, ಮಣ್ಣು! ನೀರು ಬೇಕಾದರೆ ಬಾಯಿಗೆ ಹೆಬ್ಬೆರಳು, ಊಟಕ್ಕೆ ಕೈಬೀಸು. ಆಳಂದದ ಕಡೆಯ ಚನ್ನವ್ವ ಆರು ವರ್ಷದಿಂದ ಅಲ್ಲಿ ಜಲ್ಲಿ ಹೊರುತ್ತಿದ್ದಳು. ಮಗಳು ಚಂಪಾ ಅಲ್ಲೇ ಹುಟ್ಟಿ, ಆ ಸನ್ನೆಗಳಲ್ಲೇ ಬೆಳೆದು ನಾಲ್ಕು ವರ್ಷದವಳಾಗಿದ್ದಳು. ಮಾತು ಇನ್ನೂ ಬಂದಿರಲಿಲ್ಲ.

“ನಾನೂ ತಡಾನೇ ಮಾತಾಡೀನಂತ. ಬರ್ತದ ಬಿಡು,” ಎನ್ನುತ್ತಿದ್ದ ಗಂಡ ಸಾಯಬಣ್ಣ.

ಚನ್ನವ್ವನಿಗೋ ಮೂಗಿನ ತುದಿಯಲ್ಲೇ ಸಿಟ್ಟು. ಸಂಜೆ ಗುಡಿಸಲಲ್ಲಿ ಹತ್ತು ಸಲ ಕೂಗಿದರೂ ಹುಡುಗಿ ತಿರುಗುತ್ತಿರಲಿಲ್ಲ. “ಏನ ಸೊಕ್ಕ ನಿನಗ! ಕಿವ್ಯಾಗ ಹತ್ತಿ ಇಟ್ಕೊಂಡೀ ಏನ?” ಎಂದು ಹಿಂದಿನಿಂದ ಬಂದು ಬೆನ್ನಿಗೆ ಬಾರಿಸುತ್ತಿದ್ದಳು. ಹೆತ್ತವಳಿಗೇ ತಿಳಿಯಲಿಲ್ಲವೇ ಎನ್ನಬೇಡಿ. ಹಗಲೆಲ್ಲ ಸನ್ನೆಗೆ ಥಟ್ಟನೆ ಓಡಿಬರುವ ಮಗು ಕಿವುಡೆಂದು ಯಾರಿಗೆ ಹೊಳೆಯಬೇಕು?

ಕ್ರಷರಿನ ಸದ್ದನ್ನು ಅಲ್ಲಿ ಯಾರೂ ಗಮನಿಸುತ್ತಲೇ ಇರಲಿಲ್ಲ. ಆದರೆ ಗಟ್ಟಿ ಕಲ್ಲು ಸಿಕ್ಕಿ ಅದರ ದನಿ ತುಸು ಇಳಿದರೂ ಸಾಕು, ಬುಟ್ಟಿ ಹೊತ್ತವರು, ಬೀಡಿ ಹಚ್ಚುವವರು, ತೂಕಡಿಸುವವರು, ಎಲ್ಲರ ಕತ್ತೂ ಒಮ್ಮೆಗೇ ಅತ್ತ ತಿರುಗುತ್ತಿತ್ತು. ತಿರುಗಬೇಕೆಂದು ಯಾರೂ ತಿರುಗಿದವರಲ್ಲ. ನಮಗೆ ತಿಳಿಯದಂತೆ ತಲೆಯೊಳಗೊಂದು ಕಾವಲು ಕೂತಿರುತ್ತದೆ. ಸದ್ದು ಇದ್ದಂತೆಯೇ ಇದ್ದರೆ ಅದು ಸುಮ್ಮನಿರುತ್ತದೆ, ಬದಲಾದರೆ ಎಚ್ಚರಿಸುತ್ತದೆ.

೧೯೮೬ರ ಬೇಸಿಗೆಯ ಒಂದು ಮಧ್ಯಾಹ್ನ ಬೆಲ್ಟ್ ಹರಿದು ಕ್ರಷರ್ ಗಕ್ಕನೆ ನಿಂತಿತು. ಎಲ್ಲರೂ ತಿರುಗಿದರು. ನೆರಳಲ್ಲಿ ಮಲಗಿದ್ದ ನಾಯಿಯೂ ಎದ್ದು ನಿಂತಿತು. ಚಂಪಾ ಮಾತ್ರ ತಲೆ ಎತ್ತದೆ ಜಲ್ಲಿಯ ಮೇಲೆ ಜಲ್ಲಿ ಪೇರಿಸುತ್ತಿದ್ದಳು.

ಚನ್ನವ್ವ ಬುಟ್ಟಿಯ ಜಲ್ಲಿಯನ್ನು ಅಲ್ಲೇ ಸುರಿದಳು. ಮಗಳ ಹಿಂದೆ ಹೋಗಿ ನಿಂತು ಸಲಿಕೆಯಿಂದ ಕಬ್ಬಿಣದ ಬುಟ್ಟಿ ಬಡಿದಳು. ಹುಡುಗಿ ಅಲುಗಲಿಲ್ಲ.

“ಇಕಿಗಿ ಕಿವಿ ಕೇಳಂಗಿಲ್ಲ!”

“ಹುಚ್ಚದೀ ಏನ? ಆಟದಾಗ ಮೈಮರ್ತಾಳ,” ಎಂದ ಸಾಯಬಣ್ಣ.

“ನಾಯಿ ಎದ್ದು ನಿಂತದ, ನನ್ನ ಮಗಳು ತಲಿ ಎತ್ತಲಿಲ್ಲ. ಮದ್ದಿಟ್ಟು ಕಲ್ಲ ಸಿಡಿಸೋ ಮುಂದ ಸೀಟಿ ಊದ್ತಾರಲ್ಲ, ಇಕಿ ಹ್ಯಾಂಗ ಓಡ್ಬೇಕು?”

ಸಾಯಬಣ್ಣ ಮಗಳನ್ನು ಹೆಗಲಿಗೆತ್ತಿಕೊಂಡ.

ಹುಟ್ಟುಕಿವುಡು ಎಂದರು ದೊಡ್ಡಾಸ್ಪತ್ರೆಯ ಡಾಕ್ಟರು. ಚನ್ನವ್ವ ಮತ್ತೆ ಕ್ವಾರಿಗೆ ಕಾಲಿಡಲಿಲ್ಲ. ವಿಲೆ ಪಾರ್ಲೆಯ ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕುತ್ತ ಮಗಳನ್ನು ಕಿವುಡು ಮಕ್ಕಳ ಶಾಲೆಗೆ ಹಾಕಿದಳು.

ಆಸ್ಪತ್ರೆಯಿಂದ ಬಂದ ಸಂಜೆ, “ತಪ್ಪಾತು ನನ್ನವ್ವ, ನನ್ನ ಕೈ ಸೇದಿ ಹೋಗ್ಲಿ,” ಎಂದು ಅಳುತ್ತ ಮಗಳ ಬೆನ್ನು ಸವರಲು ಹೋಗಿದ್ದಳು. ಕೈ ತಗುಲಿದ್ದೇ ತಡ, ಚಂಪಾ ಏಟೆಂದುಕೊಂಡು ಕಣ್ಣು ಮುಚ್ಚಿ ಕುಗ್ಗಿಹೋದಳು. ಆಮೇಲೆ ಚನ್ನವ್ವ ಎಷ್ಟೇ ಅವಸರವಿದ್ದರೂ ಮಗಳನ್ನು ಹಿಂದಿನಿಂದ ಮುಟ್ಟಲಿಲ್ಲ. ಸುತ್ತು ಹಾಕಿ, ಎದುರಿಗೆ ಬಂದು, ಅವಳು ನೋಡುವತನಕ ಕಾಯುತ್ತಿದ್ದಳು.