ಕೊನೆಯ ದಾರಿಗೊಂದು ಟ್ರೇಲರ್

ಹುಮನಾಬಾದಿನ ಹೈವೇ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ, ಸುಡು ಮಧ್ಯಾಹ್ನ, ಹೋಗಿ ಬರುವವರೆಲ್ಲ ನೋಡುತ್ತಿರುವಾಗ, ನನ್ನ ಅಕ್ಕ ಒಂದು ಹೊಸ ಟ್ರೇಲರಿನ ತಗಡಿನ ಮೇಲೆ ಅಂಗಾತ ಮಲಗಿದಳು. ನಿರಿಗೆ ಸರಿಮಾಡಿಕೊಂಡಳು. ಎರಡೂ ಕೈ ಎದೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿ, ಮುಂದೆ ಟ್ರ್ಯಾಕ್ಟರ್ ಮೇಲೆ ಕೂತಿದ್ದ ಗಂಡನಿಗೆ, “ಈಗ ಎಳೀರಿ” ಅಂದಳು.

ಅಂಗಡಿಯ ಉಸ್ತಾದ್ ರಶೀದ್ ಭಾಯಿ ಕೈಯಲ್ಲಿದ್ದ ಚಹಾ ಹಾಗೇ ಕೆಳಗಿಟ್ಟರು. “ಅಕ್ಕಾ, ಎದ್ದೇಳ್ರಿ. ಜಿಂದಾ ಮನಷ್ಯಾರು ಹಿಂಗ ಮಲಗಬಾರ್ದ್ರಿ.”

ಅಕ್ಕ ಕಣ್ಣು ತೆರೆಯಲಿಲ್ಲ.

“ಸತ್ತವ್ರು ಎದ್ದು ಬಂದು ಹ್ಯಾಂಗಿತ್ತು ಅಂತ ಹೇಳ್ತಾರೇನ್ರಿ? ಅದಕ್ಕ ನಾನೇ ನೋಡಾಕತ್ತೇನಿ.”

ಗಾಡಿ ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಮೈಲೇಜ್? ಬಣ್ಣ? ಪಕ್ಕದ ಮನೆಯವರ ಮುಖ? ಹೀಗೆ ಮಲಗಿ ನೋಡಿದವರನ್ನು ನಾನು ಕಂಡಿರಲಿಲ್ಲ.

ಹಿನ್ನೆಲೆ ಹೇಳಿಬಿಡುತ್ತೇನೆ. ಅಕ್ಕ ಕಮಲಾಳನ್ನು ಕೊಟ್ಟಿರುವುದು ಘಾಟಬೋರಾಳದ ಕಡೆಯ ಒಂದು ಸಣ್ಣ ಹಳ್ಳಿಗೆ. (ಹೆಸರು ಬರೆಯುವುದಿಲ್ಲ. ನಾನು ಬಸವಕಲ್ಯಾಣದಲ್ಲಿ ಕೂತು ಬರೆದು ಕೈತೊಳೆದುಕೊಳ್ಳುತ್ತೇನೆ, ಅವಳು ಅಲ್ಲೇ ಬಾಳಬೇಕು.) ಆ ಊರಿನ ಸ್ಮಶಾನ ಹಳ್ಳದ, ಅಲ್ಲಿಯವರ ಬಾಯಲ್ಲಿ ನಾಲಾದ, ಆಚೆಗಿದೆ. ದಾರಿ ಇಳಿಜಾರು, ಕರಿಮಣ್ಣು. ಮಳೆಗಾಲದಲ್ಲಿ ಚಪ್ಪಲಿ ಕಿತ್ತು ಕೈಗೆ ಬರುತ್ತದೆ. ನಾಲಾ ದಾಟಿದ ಮೇಲೆ ದಾರಿ ಎರಡಾಗುತ್ತದೆ. ಹತ್ತಿರದ್ದು ಊರವರ ಸ್ಮಶಾನ. ಇನ್ನೂ ಮುಂದೆ, ಕಲ್ಲುಭೂಮಿಯಲ್ಲಿ, ಬೌದ್ಧರಾದ ದಲಿತರ ಓಣಿಯವರದು.

ಹಿಂದಿನ ಮಳೆಗಾಲದಲ್ಲಿ ಅಕ್ಕನ ಅತ್ತೆ ತೀರಿಕೊಂಡರು. ಊರಿನ ಗಟ್ಟಿ ಗಂಡಸರಲ್ಲಿ ಬಹಳಷ್ಟು ಜನ ಕಟ್ಟಡದ ಕೆಲಸಕ್ಕೆ ಪುಣೆ, ಹೈದರಾಬಾದ್ ಅಂತ ಹೋಗಿದ್ದರು. ಇದ್ದವರೇ ಚಟ್ಟಕ್ಕೆ ಹೆಗಲು ಕೊಟ್ಟರು. ಇದ್ದವರು ಅಂದರೆ, ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಉಬ್ಬಸ. ನಾಲಾದ ಇಳಿಜಾರಿನಲ್ಲಿ ಒಬ್ಬರ ಕಾಲು ಜಾರಿತು. ಚಟ್ಟ ಓರೆಯಾಯಿತು.

ಅತ್ತೆ ಕೆಸರಿಗೆ ಬಿದ್ದರು.

ಹಿಂದೆ ಬರುತ್ತಿದ್ದ ಅಕ್ಕ ಓಡಿಹೋಗಿ ಮೊದಲು ಸರಿಮಾಡಿದ್ದು ಅತ್ತೆಯ ಸೀರೆಯನ್ನು. ತನ್ನ ಸೆರಗಿನಿಂದಲೇ ಮುಖ ಒರೆಸಿದಳು. ಎತ್ತಿ ಕಟ್ಟಿ ಮತ್ತೆ ನಡೆದರು. ಮಣ್ಣು ಮುಗಿಸಿ ಬಂದ ಮೇಲೂ ಆ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಬಾವ ವೈಜಿನಾಥ ಮಾತ್ರ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲವಂತೆ.

ಮಾತು ತೆಗೆದವಳು ಅಕ್ಕನೇ. ಅದೂ ಮಹಿಳಾ ಸಂಘದ ಸಭೆಯಲ್ಲಿ. ಉಳಿತಾಯದ ದುಡ್ಡಿನಲ್ಲಿ ಹಿಟ್ಟಿನ ಗಿರಣಿ ಹಾಕೋಣವೋ, ಶಾಮಿಯಾನ ತರೋಣವೋ ಎಂಬ ಚರ್ಚೆ ನಡೆದಿತ್ತು. ಇವಳು ಎದ್ದು ನಿಂತು, “ನಮ್ಮತ್ತಿ ಕೆಸರಿನ್ಯಾಗ ಬಿದ್ದಾಳ. ಇನ್ನೊಬ್ರು ಬೀಳಬಾರ್ದು. ನಮ್ಮ ಸಣ್ಣ ಟ್ರ್ಯಾಕ್ಟರ್ ಅದ, ಅದರ ಹಿಂದ ಕಟ್ಟಾಕ ಒಂದು ಟ್ರೇಲರ್ ತರೋಣ” ಅಂದಳು.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು? ಮರುದಿನವೇ ಮಾಣಿಕಪ್ಪನವರು ಅಕ್ಕನ ಮನೆಯ ಕಟ್ಟೆಗೆ ಬಂದು ಕೂತರು. ಊರಿನ ಹಿರಿಯರು. ಕೆಟ್ಟವರಲ್ಲ. ಜೀವಮಾನವಿಡೀ ಎಷ್ಟೋ ಜನರಿಗೆ ಹೆಗಲು ಕೊಟ್ಟವರು.

“ಕಮಲಾ, ಹೆಗಲ ಕೊಡೂದಂದ್ರ ಋಣ ತೀರ್ಸೂದವ್ವಾ. ಇಂಜಿನ್ನಿಗೆ ಏನ್ ಋಣ ಅದ?”

ಮಾತಿನಲ್ಲಿ ತೂಕ ಇತ್ತು. ಆಮೇಲೆ ಅಕ್ಕನಿಂದ ಕೇಳಿದಾಗ ನನಗೂ ಆ ಮಾತು ಇಷ್ಟವಾಯಿತು. ಅಕ್ಕ ತಲೆ ತಗ್ಗಿಸಿಯೇ ಕೇಳಿದಳು: “ಹೆಗಲ ಎಲ್ಲಿ ಅವ ಮಾವಾ? ನಮ್ಮತ್ತಿ ಹೊತ್ತವ್ರಾಗ ಗಟ್ಟಿ ಇದ್ದವ್ರು ಯಾರು ಹೇಳ್ರಿ?”

ಮಾಣಿಕಪ್ಪನವರು ದನಿ ಇಳಿಸಿ, “ಆತು, ತರ್ರಿ. ಖರೇ... ಆ ಓಣಿಯವ್ರಿಗೂ ಇದೇನು?” ಅಂದರು.

ದನಿ ಇಳಿಸಿದ್ದು ವ್ಯರ್ಥವಾಯಿತು. ಅದೇ ಓಣಿಯ ಸುಜಾತಾ, ಸಂಘದ ಖಜಾಂಚಿ, ಬಾಗಿಲ ಬದಿಗೇ ಕೂತಿದ್ದಳು. ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸು. ಕಾಲುಂಗುರ ತಿರುಗಿಸುತ್ತ ಕೂತಳು.

“ಸಂಘದಾಗ ಅವರ ದುಡಿಮಿನೂ ಅದ ಮಾವಾ. ಎಲ್ಲರಿಗೂ ಇಲ್ಲಂದ್ರ ಯಾರಿಗೂ ಬ್ಯಾಡ” ಅಂದಳು ಅಕ್ಕ. ಅವರು ಎದ್ದು ಹೋದರು.

ಸಂಘದವರು ಒಪ್ಪಿದರು. ಹೀಗೆ ನಾವು ನಾಲ್ವರು ಟ್ರೇಲರ್ ಹುಡುಕಲು ಹೊರಟೆವು. ಅಕ್ಕ, ಬಾವ, ಸುಜಾತಾ, ನಾನು, ಜೊತೆಗೆ ಬಾವನ ಟ್ರ್ಯಾಕ್ಟರ್. (ನಾನು ಯಾಕೆ? “ನೀ ಪೇಪರಿನ್ಯಾಗ ಬರಿತಿ, ಅಂಗಡಿಯವ್ರು ಜರಾ ಅಂಜ್ತಾರ” ಅನ್ನುವುದು ಅಕ್ಕನ ನಂಬಿಕೆ. ಯಾರೂ ಅಂಜಲಿಲ್ಲ.)

ಮೊದಲು ಹಳ್ಳಿಖೇಡಕ್ಕೆ ಹೋದೆವು. ಅಲ್ಲಿ ಕಬ್ಬು ಹೇರುವ ಹಳೆಯ ಟ್ರೇಲರ್‌ಗಳು ಅಗ್ಗಕ್ಕೆ ಸಿಗುತ್ತವೆ. ಆನೆಯಂಥ ಗಾಡಿಗಳು. ಬಾವ ಒಂದನ್ನು ಸುತ್ತು ಹಾಕಿ ನೋಡಿ ತಲೆಯಾಡಿಸಿದ. ಅವನದು ತೊಗರಿ ಸಾಲಿನ ನಡುವೆ ಓಡಾಡುವ ಪುಟ್ಟ ಟ್ರ್ಯಾಕ್ಟರ್. “ಸಪಾಟ ರೋಡಿನ್ಯಾಗ ಎಳೀಬಹುದು. ನಾಲಾ ಇಳಿಯೂ ಮುಂದ ಇದು ಹಿಂದಿಂದ ನೂಕ್ತದ. ಟ್ರ್ಯಾಕ್ಟರು, ನಾನು, ಹೆಣಾ ಎಲ್ಲಾ ಕೂಡೇ ಹೋಗ್ತೀವಿ” ಅಂದ. ಎಳೆಯುವ ಗಾಡಿ ಸಣ್ಣದಿದ್ದಾಗ ನೋಡಬೇಕಾದದ್ದು ಅದು ಎಷ್ಟು ಎಳೆಯುತ್ತದೆ ಅಂತಲ್ಲ, ಇಳಿಜಾರಿನಲ್ಲಿ ಎಷ್ಟನ್ನು ತಡೆಯುತ್ತದೆ ಅಂತ. ಟ್ರೇಲರ್ ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇಷ್ಟು ನೆನಪಿಡಿ.

ಆಮೇಲೆ ಹುಮನಾಬಾದಿನ ಒಂದು ಶೋರೂಮ್. ಸೇಲ್ಸ್‌ಮನ್ ಬಹಳ ಉತ್ಸಾಹಿ. ಕೆಂಪು ಬಣ್ಣದ ಹೈಡ್ರಾಲಿಕ್ ಟ್ರೇಲರ್ ತೋರಿಸಿ, “ಮೇಡಂ, ಕೈ ಹಚ್ಚೂದೇ ಬ್ಯಾಡ. ಲಿವರ್ ಎಳದ್ರ ಆತು, ಒಳಗಿಂದೆಲ್ಲಾ ತಾನೇ ಸುರೀತದ” ಅಂದ. ಎಳೆದೂ ತೋರಿಸಿದ. ಟ್ರೇಲರಿನ ಮುಂಭಾಗ ನಿಧಾನವಾಗಿ ಮೇಲೆದ್ದಿತು.

ಅಕ್ಕ ಆ ಓರೆಯಾದ ತಗಡನ್ನೇ ನೋಡುತ್ತ ನಿಂತಿದ್ದಳು.

“ನಮಗ ಸುರಿಯೂದಲ್ರೀ, ಇಳಸೂದು ಅದ” ಅಂದು ಹೊರಗೆ ನಡೆದಳು. ಪಾಪ ಹುಡುಗನಿಗೆ ಏನೂ ತಿಳಿಯಲಿಲ್ಲ.

ಕೊನೆಗೆ ರಶೀದ್ ಭಾಯಿಯ ಅಂಗಡಿ. ಎರಡೇ ಗಾಲಿಯ, ತಗ್ಗಿನ, ಹಗುರ ಟ್ರೇಲರ್ ಒಂದು ಅರ್ಧ ಸಿದ್ಧವಾಗಿ ನಿಂತಿತ್ತು. ಹಿಂದಿನ ಬಾಗಿಲು ತೆಗೆದರೆ ತಳ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಹೆಂಗಸರೂ ಕೈ ಹಚ್ಚಬಹುದು. ಆಗಲೇ ಅಕ್ಕ ಹತ್ತಿ ಮಲಗಿದ್ದು.

ಬಾವ ಅಂಗಡಿಯ ಮುಂದಿನ ಕಿತ್ತುಹೋದ ಸರ್ವಿಸ್ ರೋಡಿನಲ್ಲಿ ಎಳೆದ. ನಾನು ಪಕ್ಕದಲ್ಲಿ ನಡೆದೆ. ಒಂದೊಂದು ತಗ್ಗಿಗೂ ಅಕ್ಕನ ತಲೆ ಎದ್ದು ತಗಡಿಗೆ ಬಡಿಯುತ್ತಿತ್ತು. ನಿಮ್ಮ ಅಕ್ಕ ಹಾಗೆ ಕಣ್ಣು ಮುಚ್ಚಿ, ಕೈ ಜೋಡಿಸಿ ಮಲಗಿರುವುದನ್ನು ನೀವು ನೋಡಿದ್ದೀರಾ? ನೋಡಬೇಡಿ. ನಾನು ಸ್ವಲ್ಪ ದೂರ ನಡೆದು, ನಿಲ್ಲಿಸು ಅಂತ ಕೂಗಿಬಿಟ್ಟೆ.

ಅವಳು ಎದ್ದು ಕೂತು ತಲೆ ಉಜ್ಜಿಕೊಂಡಳು. “ತಲಿ ಕುಣೀತದ್ರಿ. ಒಬ್ಬರದೇ ಭಾರ ಅಂತ ಖಾಲಿ ಗಾಡಿ ಹಂಗ ಬಡ್ಯಾಕತ್ತದ.”

ರಶೀದ್ ಭಾಯಿ ಸ್ಪ್ರಿಂಗಿನ ಒಂದೊಂದು ಪಟ್ಟಿ ಬಿಚ್ಚಿಸಿದರು. ಟೈರಿನ ಗಾಳಿ ಇಳಿಸಿದರು. “ಸರಂಜಾಮು ಹೇರಾಕ ಕಟ್ಟಿದ್ದು ಅಕ್ಕಾ ಇದು. ಮಯ್ಯತ್‌ಗೆ, ಹೆಣಾ ಒಯ್ಯಾಕ ಬೇಕು ಅಂತ ಇಲ್ಲೀತನಕಾ ಯಾರೂ ಕೇಳಿಲ್ಲ” ಅಂದರು. ಅಕ್ಕ ಮತ್ತೆ ಮಲಗಿದಳು. ಬಾವ ಮತ್ತೆ ಎಳೆದ. ಈ ಸಲ ತಲೆ ಏಳಲಿಲ್ಲ.

ಆಮೇಲೆ ಅವಳು ಚಕ್ಕಳಮಕ್ಕಳ ಹಾಕಿ ಕೂತು ಎಳೆಸಿದಳು. ನಮ್ಮ ಕಡೆ ಕೆಲವರನ್ನು ಮಲಗಿಸಿ ಒಯ್ಯುತ್ತಾರೆ, ಕೆಲವರನ್ನು ಕೂರಿಸಿ. ಎರಡಕ್ಕೂ ಆಗಬೇಕಲ್ಲ? ಕೂತವರನ್ನು ಕಟ್ಟಲು ನಾಲ್ಕು ಮೂಲೆಗೆ ಪೈಪು ಬೇಕು ಅಂದಳು. ಉಸ್ತಾದ್ ಸೀಮೆಸುಣ್ಣದಿಂದ ಗುರುತು ಹಾಕಿದರು.

ಅಷ್ಟೊತ್ತಿಗೆ ಸುಜಾತಾ ಚಪ್ಪಲಿ ಬಿಟ್ಟು ತಾನೇ ಮೇಲೆ ಹತ್ತಿದಳು. ಅವಳೂ ಮಲಗಿದಳು. ಅವಳು ಅಕ್ಕನಿಗಿಂತ ಎತ್ತರ. ಪಾದಗಳು ಹೊರಗೆ ಬಂದವು.

“ನಮ್ಮತ್ತಿ ನನಗಿಂತಾ ಉದ್ದ ಅದಾಳ್ರಿ. ಹಾಸಿಗಿ ಹಿಡದು ಭಾಳ ದಿನಾ ಆತು” ಅಂದಳು, ಮಲಗಿದಲ್ಲಿಂದಲೇ, ಆಕಾಶ ನೋಡುತ್ತ.

ರಶೀದ್ ಭಾಯಿ ಟ್ರೇಲರಿನ ಉದ್ದ ಹೆಚ್ಚಿಸಿದರು.

ಮಳೆ ಹಿಡಿದ ಹೊಸತರಲ್ಲೇ ಸುಜಾತಾಳ ಅತ್ತೆ ತೀರಿಕೊಂಡರು. ನಾನೂ ಹೋದೆ. ಬಾವ ಮೊದಲ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನಾಲಾ ಇಳಿಸಿದ. ಕೆಸರು ಗಾಲಿಯ ಅರ್ಧಕ್ಕೆ ಬಂದಿತ್ತು. ಸುಜಾತಾ ಹಿಂಬಾಗಿಲು ಹಿಡಿದುಕೊಂಡೇ ದಾರಿಯುದ್ದಕ್ಕೂ ನಡೆದಳು. ಆಚೆಯ ಕಲ್ಲುಭೂಮಿಯಲ್ಲಿ ಬುದ್ಧವಂದನೆ ಹೇಳಿದರು. ಇಳಿಸುವಾಗ ಓಣಿಯ ಹೆಂಗಸರ ಜೊತೆ ಅಕ್ಕನೂ ಕೈ ಹಚ್ಚಿದಳು.

ಎಲ್ಲ ಮುಗಿದ ಮೇಲೆ ಸುಜಾತಾ ಅಕ್ಕನ ಬಳಿ ಬಂದಳು. “ಬಿಳೀ ಸೀರಿ ಉಡಸಿದ್ದೆ ಅಕ್ಕಾ. ಒಂದು ಹನಿ ಕೆಸರು ಹತ್ತಲಿಲ್ಲ.”

ಅಕ್ಕ ಅವಳ ಕೈ ಹಿಡಿದುಕೊಂಡಳು. ಆಮೇಲೆ ನಮ್ಮ ಯಾರಿಗೂ ಮುಖ ತೋರಿಸದೆ, ಸುಮಾರು ಹೊತ್ತು ಅತ್ತಳು. ತನ್ನ ಅತ್ತೆ ಸತ್ತಾಗ ಹಾಗೆ ಅತ್ತಿರಲಿಲ್ಲ ಅಂತ ಬಾವ ಹೇಳಿದ.

ಅಂದೇ ಸಂಜೆ ಬಾವ ಮತ್ತು ಸುಜಾತಾಳ ಗಂಡ ಸೇರಿ ಟ್ರೇಲರ್ ತೊಳೆದು, ಒರೆಸಿ, ಅಕ್ಕನ ಮನೆಯ ತಗಡಿನ ಚಪ್ಪರದ ಕೆಳಗೆ ನಿಲ್ಲಿಸಿದರು.

ಮುಂದಿನ ಸಾವು ಮಾಣಿಕಪ್ಪನವರ ಮನೆಯಲ್ಲೇ ಆಯಿತು. ಅವರ ತಮ್ಮ. ಅಂದೂ ಮಳೆ. ಹೊರುವವರು ಅಂದೂ ಇರಲಿಲ್ಲ. ಅವರ ಮಗ ಅಕ್ಕನ ಮನೆಗೆ ಬಂದು ಅಂಗಳದಲ್ಲೇ ನಿಂತ.

“ಕಾಕಿ, ಟ್ರೇಲರ್ ಕಳಸಬೇಕಂತ. ಅಪ್ಪ... ತೊಳದು ಕಳಸ್ರಿ ಅಂದಾನ.”

“ತೊಳದೇ ಇಟ್ಟದಪಾ.”

“ಅಲ್ಲ ಕಾಕಿ. ಮತ್ತ ತೊಳೀಬೇಕಂತ. ಎರಡು ಮೂರು ಸಲ.”

ಜಗಳ ಬೇಡವೆಂದು ಬಾವ ಪೈಪು ಎಳೆದು ಮೋಟರ್ ಹಚ್ಚಿದ. ಅಕ್ಕ ಹೋಗಿ ಆರಿಸಿದಳು. ಸಾವಿನ ಮನೆ ಅಂತ ಬಾವ ತಿಳಿಹೇಳಿದ. ಅವಳು ಕೇಳಲಿಲ್ಲ. “ಸಾವಿನ ಮನಿ ಅಂತೇ ಟ್ರೇಲರ್ ಕೊಡಾಕತ್ತೇನಿ. ಕೆಸರಿತ್ತು, ತೊಳದೀವಿ. ಬ್ಯಾರೆ ಏನ್ ಹತ್ತ್ಯಾದ ಅಂತ ನಿಮ್ಮಪ್ಪಗ ಬಂದು ತೋರಸಂತ ಹೇಳು” ಅಂದಳು.

ಬಾವ ಹಾಗೇ ಒಯ್ದ. ಮಾಣಿಕಪ್ಪನವರು ಬಾಗಿಲಲ್ಲಿ ನಿಂತಿದ್ದರಂತೆ. ಟ್ರೇಲರಿನ ತಳ ನೋಡಿದರು. ಕೆಸರಿನ ಕಲೆ ಇರಲಿಲ್ಲ, ಮಳೆಯಲ್ಲಿ ತೊಯ್ದು ಹೊಳೆಯುತ್ತಿತ್ತು. ಸುರಿಯುವ ಮಳೆ ನೋಡಿದರು. ಹೊರಗೆ ನಿಂತಿದ್ದ ಮುದುಕರನ್ನು ನೋಡಿದರು. ಕೊನೆಗೆ, “ಎತ್ರಿ” ಅಂದರು. ತಮ್ಮನ ತಲೆಯ ಬದಿಗೆ ತಾವೇ ಹಿಡಿದು ಒಳಗೆ ಮಲಗಿಸಿದರು. ನಾಲಾ ದಾಟಿಸಿ, ಮಣ್ಣು ಮಾಡಿ ಬಂದರು. ಯಾರೂ ಬೀಳಲಿಲ್ಲ.

ಬಾವ ಊರಿಂದ ಫೋನ್ ಮಾಡಿ ಇದನ್ನೆಲ್ಲ ಹೇಳಿದ. ಅವನ ದನಿಯಲ್ಲಿ ಸಮಾಧಾನ ಇತ್ತು. ನಾನೂ ಖುಷಿಪಟ್ಟೆ. ಸರಿಹೋಯಿತಲ್ಲ, ಅಂಕಣಕ್ಕೆ ಒಳ್ಳೆಯ ಮುಕ್ತಾಯ ಸಿಕ್ಕಿತಲ್ಲ ಅಂದುಕೊಂಡೆ. (ಕಲ್ಯಾಣದಲ್ಲಿ ಕೂತವರಿಗೆ ಸಮಾನತೆ ಬೇಗ ಬಂದುಬಿಡುತ್ತದೆ.)

ಆಗ ಅಕ್ಕ ಫೋನು ಇಸಿದುಕೊಂಡಳು. “ಟ್ರೇಲರ್ ತೊಳದು ವಾಪಸ್ ಕಳಸ್ಯಾರ. ಒಂದೇ ಕೊಡ ನೀರಿನ್ಯಾಗ” ಅಂದಳು. ಅಷ್ಟೇ. ಫೋನಿಟ್ಟಳು.

ಮಾಣಿಕಪ್ಪನವರ ತಮ್ಮನ ಸಾವನ್ನು ತೊಳೆಯಲು ಒಂದು ಕೊಡ ಸಾಕಾಯಿತು. ಸುಜಾತಾಳ ಅತ್ತೆಯ ಸಾವಿಗೆ ಎಷ್ಟು ಕೊಡ ಬೇಕಿತ್ತು?