ಹುಣಸೆ ಬಿಟ್ಟ ಎಂಟು ತಿಂಗಳು

ಔಷಧವೆಂದ ಮೇಲೆ ಪಥ್ಯ ಇರಲೇಬೇಕು ಎಂಬುದು ನಮ್ಮತ್ತೆಯ ಗಟ್ಟಿ ನಂಬಿಕೆ. ಪಥ್ಯ ಹೇಳದ ವೈದ್ಯನನ್ನು ಅವರು ವೈದ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ. ನೆಗಡಿಗೆ ಕಷಾಯ ಕುಡಿಸಿದರೂ ಮೂರು ದಿನ ಮೊಸರು ಬಂದ್. ಇದನ್ನು ನಾನು ಎಷ್ಟು ಸಲ ಆಡಿಕೊಂಡು ನಕ್ಕಿದ್ದೇನೋ! ಇವತ್ತು ನಾನು ನೆಟ್ಟಗೆ ಕೂತು ಮೊಮ್ಮಕ್ಕಳನ್ನು ಬೈಯುತ್ತಿದ್ದೇನೆಂದರೆ ಅದಕ್ಕೆ ಆ ನಂಬಿಕೆಯೂ ಕಾರಣ. ಹಾಗಾಗಿ ಈಗ ನಗುವುದನ್ನು ಬಿಟ್ಟಿದ್ದೇನೆ.

ಆಗ ನಾಗಪುರ ಇನ್ನೂ ರಾಜಧಾನಿ. ಆ ಪಟ್ಟ ಕಳೆದುಕೊಳ್ಳಲು ಒಂದೆರಡು ವರ್ಷ ಬಾಕಿಯಿತ್ತು. ನಮ್ಮ ಯಜಮಾನರು ರೈಲ್ವೆಯ ಪಾರ್ಸಲ್ ಆಫೀಸಿಗೆ ವರ್ಗವಾಗಿ ಬಂದಿದ್ದರು. ಎರಡು ಕೋಣೆಯ ಕ್ವಾರ್ಟರ್ಸು, ಜೊತೆಗೆ ಅತ್ತೆ. ನಾನು ತವರಿನಲ್ಲಿ ಹೆತ್ತು, ಮೂರು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಅಲ್ಲಿಗೆ ಹೋದೆ.

ಹೋದ ಹದಿನೈದು ದಿನಕ್ಕೆ ನಿದ್ದೆ ಹೋಯಿತು. ಹಸಿವು ಹೋಯಿತು. ಕೊನೆಗೆ ನನ್ನ ಕೈಗಳ ಮೇಲಿನ ನಂಬಿಕೆಯೇ ಹೋಯಿತು. ಈ ಕೈಗಳು ಕೂಸಿಗೆ ಏನಾದರೂ ಮಾಡಿಬಿಡುತ್ತವೆ ಎಂದು ಅನ್ನಿಸತೊಡಗಿತು. ಯಾರಿಗೆ ಹೇಳಲಿ? ಒಂದು ಮಧ್ಯಾಹ್ನ ಕೂಸನ್ನು ನಲ್ಲಿಯ ಕಟ್ಟೆಯ ಮೇಲೆ ಮಲಗಿಸಿ, ನಾನು ದೂರವಿದ್ದರೇ ಅದಕ್ಕೆ ಕ್ಷೇಮವೆಂದು, ಬರಿಗಾಲಲ್ಲಿ ರಸ್ತೆ ಹಿಡಿದು ನಡೆದೆ. ವೈಶಾಖದ ಬಿಸಿಲು. ಡಾಂಬರು ಕಾಲಿಗೆ ಅಂಟುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಹಿಂದಿನಿಂದ ಓಡಿಬಂದು ರಟ್ಟೆ ಹಿಡಿದು ನಿಲ್ಲಿಸಿದವರು ಅತ್ತೆ. ಅವರ ಹೆಗಲ ಮೇಲೆ ಕೂಸು ಕಿರುಚುತ್ತಿತ್ತು.

ಅಂದಿನಿಂದ ಕೂಸು ಅತ್ತೆಯ ಪಾಲಾಯಿತು. ಬಾಟಲಿ ಹಾಲು, ಅತ್ತೆಯ ಮಗ್ಗುಲು, ಅತ್ತೆಯ ಹೆಗಲು. ನಾನು ಕೋಣೆಗೆ ಬಂದರೆ ಅವರು ಕೂಸಿನ ಮುಖವನ್ನು ಆಚೆ ತಿರುಗಿಸುತ್ತಿದ್ದರು. ಸುದ್ದಿ ತಿಳಿದ ಯಜಮಾನರ ಅಕ್ಕ ಹುಬ್ಬಳ್ಳಿಯಿಂದ ಕಾಗದ ಬರೆದರು: ಶ್ರಾವಣದಲ್ಲಿ ಬಂದು ಕೂಸನ್ನು ಒಯ್ದು ಸಾಕುತ್ತೇನೆ. ಯಜಮಾನರು ಒಪ್ಪಿದರು. ಹಾಗೆ ಹೋದ ಕೂಸು ನನ್ನ ಕೂಸಾಗಿ ತಿರುಗಿ ಬರುವುದಿಲ್ಲವೆಂಬುದು ಆ ಕಲಕಿದ ತಲೆಗೂ ಗೊತ್ತಾಯಿತು. ನಾನೇ ಬಿಟ್ಟು ಹೋದವಳು, ಯಾವ ಬಾಯಲ್ಲಿ ಬೇಡ ಅನ್ನಲಿ?

ಆಸ್ಪತ್ರೆಯಲ್ಲಿ ಮೊದಲು ತಲೆಗೆ ಕರೆಂಟು ಕೊಟ್ಟರು. ಹಲ್ಲಿನ ನಡುವೆ ರಬ್ಬರು ಇಟ್ಟದ್ದು ನೆನಪಿದೆ, ಮುಂದಿನದಿಲ್ಲ. ಅದರಿಂದ ಊಟ ಸೇರತೊಡಗಿತು, ಆದರೆ ನನ್ನ ಮದುವೆಗೆ ಯಾರು ಯಾರು ಬಂದಿದ್ದರೆಂಬುದು ಮರೆತುಹೋಯಿತು. ಅವರಲ್ಲಿ ಕೆಲವರನ್ನು ಮರೆತದ್ದು ಲಾಭವೇ.

ಆಮೇಲೆ ನೋಡಿದವರು ಇನ್ನೊಬ್ಬ ಡಾಕ್ಟರು, ನಡುವಯಸ್ಸಿನ ಮರಾಠಿಗರು. ಕರೆಂಟು ಸಾಕು, ಹೊಸ ಗುಳಿಗೆ ಬಂದಿದೆ, ಅದನ್ನು ಕೊಟ್ಟು ನೋಡೋಣ ಎಂದರು. ಅದಕ್ಕಿಂತ ಹೆಚ್ಚಾಗಿ, ಅವರು ನನ್ನನ್ನು ಮಾತಾಡಿಸಿದರು. ಏನು ಉಂಡೆ, ಏನು ಕನಸು ಬಿತ್ತು, ಯಾವುದಕ್ಕೆ ಹೆದರಿಕೆ? ನನ್ನ ಮುರುಕು ಮರಾಠಿಯಲ್ಲಿ ಒಂದು ದಿನ ಕೈಗಳ ವಿಷಯ ಹೇಳಿಬಿಟ್ಟೆ. ಅವರು ಬೆಚ್ಚಲಿಲ್ಲ. ಹೆತ್ತ ಮೇಲೆ ಕೆಲವರಿಗೆ ಬರುವ ಕಾಯಿಲೆ ಇದು, ವಿಷಮಜ್ವರದ ಹಾಗೆ ಬರುತ್ತದೆ, ಇಳಿಯುತ್ತದೆ, ನೀವು ಕೆಟ್ಟವರಲ್ಲ ಎಂದರು. ರೋಗಿ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟವಳು ಆ ಆಸ್ಪತ್ರೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಗುಳಿಗೆಯ ಪೊಟ್ಟಣ ಕೈಗೆ ಬಂದ ದಿನ ಅತ್ತೆ ಜೊತೆಗಿದ್ದರು. ತಮಗೆ ಬರುತ್ತಿದ್ದ ನಾಲ್ಕು ಮಾತು ಮರಾಠಿಯಲ್ಲಿ ಕೇಳಿದರು: "ಡಾಕ್ಟರ್ ಸಾಹೇಬ್, ಪಥ್ಯ ಕಾಯ್?"

"ಕಾಹೀ ನಾಹೀ, ಆಜಿ," ಎಂದು ಡಾಕ್ಟರು ನಕ್ಕರು. ಏನೂ ಇಲ್ಲವಂತೆ!

ಅತ್ತೆಯ ಮುಖ ಗಂಟಾಯಿತು. ಹೊರಗೆ ಬಂದು ರಿಕ್ಷಾ ಹತ್ತುವಷ್ಟರಲ್ಲಿ, "ಛತ್ರಿ ಮರತೆ, ನೀ ಇಲ್ಲೇ ಕುಂತಿರು," ಎಂದು ಕೂಸಿನ ಸಮೇತ ಒಳಗೆ ಹೋದರು. ಛತ್ರಿ ನನ್ನ ತೊಡೆಯ ಮೇಲಿತ್ತು. ಹೇಳುವಷ್ಟು ಚುರುಕು ನನಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಚೀಟಿ ಹಿಡಿದು ಬಂದರು. "ಪಥ್ಯ ಬರಸ್ಕೊಂಡು ಬಂದೆ," ಎಂದರು.

ಸಂಜೆ ಯಜಮಾನರು ಅದನ್ನು ಓದಿ ಹೇಳಿದರು. ಹುಣಸೆಹಣ್ಣು ಮುಟ್ಟಬಾರದು. ಎರಡು ಹೊತ್ತೂ ಗುಳಿಗೆ ನುಂಗಿದ ಮೇಲೆ ಕಾಲು ತಾಸು ಕೂಸು ತಾಯಿಯ ಮಡಿಲಲ್ಲಿರಬೇಕು. ಗುಳಿಗೆ ಕೊಡುವವರು ಮೊಣಕಾಲಿಗೆ ಮೊಣಕಾಲು ಹಚ್ಚಿ ಎದುರು ಕೂತಿರಬೇಕು, ಏಳಬಾರದು.

ಮರುದಿನ ಬೆಳಿಗ್ಗೆ ನಾನು ಬೇಡವೆಂದೆ. ಅತ್ತೆ ಕೇಳಬೇಕಲ್ಲ! "ಪಥ್ಯ ಅಂದ್ರ ಪಥ್ಯ, ಮಡಿಲು ಒಡ್ಡು," ಎಂದು ಗದರಿದರು. ಒಂದು ಕೈ ಕೂಸಿನ ತಲೆಯಡಿ, ಇನ್ನೊಂದು ನನ್ನ ಮುಂಗೈ ಮೇಲೆ. ಅವರ ಕಣ್ಣು ನನ್ನ ಕೈಗಳ ಮೇಲೆಯೇ ನೆಟ್ಟಿತ್ತು. ಕೂಸು ನನ್ನ ತಾಳಿಯ ಸರ ಹಿಡಿದು ಬಾಯಿಗಿಟ್ಟುಕೊಂಡಿತು. ಕಾಲು ತಾಸು ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ.

ಶ್ರಾವಣದಲ್ಲಿ ಯಜಮಾನರ ಅಕ್ಕ ಬಂದೇ ಬಂದರು. "ಅವ್ವಾ, ಕೂಸಿನ ಅರಿವಿ ಗಂಟು ಕಟ್ಟು," ಎಂದರು. ಅತ್ತೆ ಕುಪ್ಪಸದೊಳಗಿನಿಂದ ಚೀಟಿ ತೆಗೆದರು.

"ಪಥ್ಯ ಐತಿ. ಕೂಸು ಹ್ವಾದ್ರ ಗುಳಿಗಿ ಹತ್ತೂದಿಲ್ಲ. ಡಾಕ್ಟರ್ ಬರದು ಕೊಟ್ಟಾರ, ನಿನ್ನ ತಮ್ಮನ್ನ ಕೇಳು ಬೇಕಾದ್ರ."

ಪಾಪ, ಆಕೆ ಕೆಟ್ಟವರಲ್ಲ. ಎಂಟು ದಿನ ಹುಳಿಯಿಲ್ಲದ ಸಾರು ಉಂಡು, ಬೇಳೆಗೆ ನಿಂಬೆಹಣ್ಣು ಹಿಂಡಿಕೊಂಡು, ಗೊಣಗುತ್ತ ಒಬ್ಬರೇ ರೈಲು ಹತ್ತಿದರು. ನನ್ನೊಬ್ಬಳ ಪಥ್ಯವನ್ನು ಅತ್ತೆ ಮನೆಯ ಪಥ್ಯ ಮಾಡಿದ್ದರು. ಪುಂಡಿಪಲ್ಯ, ಹುಳಿ ಅಂದರೆ ಪ್ರಾಣ ಬಿಡುವ ಹೆಂಗಸು, ಹುಣಸೆಯ ಭರಣಿಯನ್ನೇ ಅಟ್ಟಕ್ಕೆ ಏರಿಸಿದರು.

ಗುಳಿಗೆ ಸುಖದ್ದೇನಲ್ಲ. ಬಾಯಿ ಒಣಗುತ್ತಿತ್ತು, ಕೂತಲ್ಲೇ ತೂಕಡಿಕೆ, ಬಿಸಿಲಿಗೆ ಹೋದರೆ ಚರ್ಮ ಉರಿ. ಆದರೆ ನಿದ್ದೆ ಬಂತು, ಕೈಗಳ ಹೆದರಿಕೆ ದಿನದಿನಕ್ಕೆ ಇಳಿಯಿತು. ದಸರೆಯ ಹೊತ್ತಿಗೆ ಅತ್ತೆಯ ಮೊಣಕಾಲು ಒಂದು ಗೇಣು ಹಿಂದೆ ಸರಿದಿತ್ತು. ಸಂಕ್ರಾಂತಿಗೆ ಅವರು ಒಲೆಯ ಮುಂದೆ ಕೂತೇ, "ಗುಳಿಗಿ ತೊಗೊಂಡಿಯೇನ?" ಎಂದು ಕೂಗುತ್ತಿದ್ದರು.

ಫಾಲ್ಗುಣದಲ್ಲಿ ಡಾಕ್ಟರು ಗುಳಿಗೆ ನಿಲ್ಲಿಸಿದರು. ನಾನು ಕೈಮುಗಿದು, ನಿಮ್ಮ ಗುಳಿಗೆಯಷ್ಟೇ ನಿಮ್ಮ ಪಥ್ಯವೂ ನನ್ನನ್ನು ಉಳಿಸಿತು ಎಂದೆ.

ಅವರು ಕನ್ನಡಕ ತೆಗೆದು ನಕ್ಕರು. "ಹುಣಸೆ ಮಾತ್ರ ನಂದು, ತಾಯೀ. ಮಗುವಿನ ಮಾತು, ಮೊಣಕಾಲಿನ ಮಾತು ನಿಮ್ಮ ಅತ್ತೆಯವರದು. ಅವರು ಅರ್ಧ ಕೈಸನ್ನೆಯಲ್ಲೇ ಹೇಳಿದರು, ನನಗೂ ಸರಿಯೆನ್ನಿಸಿತು, ಬರೆದೆ. ತಿನ್ನುವುದೊಂದನ್ನು ಬಿಡಿಸದೇ ಇದ್ದರೆ ಮನೆಯಲ್ಲಿ ಯಾರೂ ಇದನ್ನು ಪಥ್ಯವೆಂದು ನಂಬುವುದಿಲ್ಲ ಅಂದರು. ಅದಕ್ಕೆ ಹುಣಸೆ."

ನನ್ನ ಕೂಸನ್ನು ನನ್ನಿಂದ ಕಸಿದುಕೊಂಡವರೆಂದು ನಾನು ಒಳಗೊಳಗೇ ಶಪಿಸಿದ್ದ ಹೆಂಗಸು ಹೊರಗೆ ಬೆಂಚಿನ ಮೇಲೆ ಅದಕ್ಕೆ ಕಿತ್ತಳೆಯ ತೊಳೆ ಬಿಡಿಸಿ ತಿನ್ನಿಸುತ್ತಿದ್ದರು. ರಿಕ್ಷಾದಲ್ಲಿ ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಮಗ ಹೂಂ ಅಂದುಬಿಟ್ಟಿದ್ದ. ಮಗಳು ಹೊಂಟು ನಿಂತಿದ್ಲು. ನನ್ನ ಮಾತು ಯಾರು ಕೇಳ್ತಿದ್ರು? ಅದಕ್ಕ ಒಂದು ಕಾಗದ ಬೇಕಾಗಿತ್ತು."

"ನಿಮಗ ಹೆದರಿಕಿ ಆಗಲಿಲ್ಲೇನು, ಅತ್ತಿ?"

"ಆಗಿತ್ತು. ಅದಕ್ಕ ಮೊಣಕಾಲು ಹಚ್ಚಿ ಕುಂತಿದ್ದೆ."

ಅವರ ಕಾಲಿಗೆ ಬೀಳಬೇಕೆನ್ನಿಸಿತು, ಆದರೆ ರಿಕ್ಷಾದಲ್ಲಿ ಅಷ್ಟು ಜಾಗವಿರಲಿಲ್ಲ. ಮನೆಗೆ ಬಂದ ಕೂಡಲೇ ಅವರು ಅಟ್ಟದಿಂದ ಭರಣಿ ಇಳಿಸಿ ಹುಣಸೆ ನೆನೆಹಾಕಿದರು. ಬೆಲ್ಲ ತೀರಿತ್ತು. ಕೂಸಿಗೆ ಕುಲಾವಿ ಕಟ್ಟಿ ನನ್ನ ಕಂಕುಳಿಗೆ ಕೊಟ್ಟು, "ಜಲ್ದಿ ಹೋಗಿ ಅಂಗಡಿಯಿಂದ ಬೆಲ್ಲ ತೊಗೊಂಡು ಬಾ," ಎಂದರು. ನಾವಿಬ್ಬರೇ ಹೋಗಿ ಬಂದೆವು.